ಜಗಲಿಯ ಐಗಳಿಂದ ಬಸ್ಸಿನ ಮೇಲಿನ ಮಾಸ್ತರರವರೆಗೆ

1822ನೇ ಇಸವಿಯ ಮಳೆಗಾಲದಲ್ಲಿ ಮಂಗಳೂರಿನ ಕಲೆಕ್ಟರರ ಕಚೇರಿಗೆ ಮದರಾಸಿನಿಂದ ಒಂದು ಕಾಗದ ಬಂತು. ಆಗ ಮದರಾಸಿನ ಗವರ್ನರಾಗಿದ್ದವರು ಸರ್ ಥಾಮಸ್ ಮನ್ರೋ. ನಮ್ಮ ಕೆನರಾ ಜಿಲ್ಲೆಗೆ ಅವರು ಹೊಸಬರೇನಲ್ಲ. ಟಿಪ್ಪು ಬಿದ್ದ ವರ್ಷ, 1799ರಲ್ಲಿ, ಈ ಜಿಲ್ಲೆಯ ಮೊದಲ ಕಲೆಕ್ಟರಾಗಿ ಬಂದವರು ಅವರೇ. ಕಾಗದದಲ್ಲಿ ಕೇಳಿದ್ದು ಇಷ್ಟು: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಅವರಲ್ಲಿ ಯಾವ ಯಾವ ಜಾತಿಯವರಿದ್ದಾರೆ, ಗಂಡೆಷ್ಟು ಹೆಣ್ಣೆಷ್ಟು, ಎಲ್ಲವನ್ನೂ ಪಟ್ಟಿ ತುಂಬಿಸಿ ಕಳುಹಿಸಿ.

ಬೇರೆ ಜಿಲ್ಲೆಗಳ ಕಲೆಕ್ಟರುಗಳು ಬೇಗವೋ ತಡವೋ ಪಟ್ಟಿ ಕಳುಹಿಸಿದರು. ನಮ್ಮ ಕೆನರಾದವರು ಮಾತ್ರ ಆಗಸ್ಟ್ ತಿಂಗಳಲ್ಲಿ ಪಟ್ಟಿಯಿಲ್ಲದ ಉತ್ತರ ಬರೆದರು. ಇಲ್ಲಿ ಗೊತ್ತಾದ ಶಾಲೆಗಳೆಂಬುವಿಲ್ಲ, ಶಾಲೆಗೆಂದು ನೇಮಿಸಿದ ಗುರುಗಳೂ ಇಲ್ಲ. ಅನುಕೂಲವಿದ್ದ ಬ್ರಾಹ್ಮಣರ ಮನೆಗಳಲ್ಲಿ ಒಬ್ಬ ಮಾಸ್ತರನನ್ನು ಇಟ್ಟುಕೊಳ್ಳುತ್ತಾರೆ, ಅವನಿಂದ ಆ ಮನೆಯ ಮಕ್ಕಳೂ ನೆಂಟರಿಷ್ಟರ, ನೆರೆಕರೆಯ ಮಕ್ಕಳೂ ಕಲಿಯುತ್ತಾರೆ. ವಿದ್ಯೆಯೆಲ್ಲ ಹೀಗೆ ಮನೆಯೊಳಗೇ ನಡೆಯುವುದರಿಂದ ಲೆಕ್ಕ ಕೊಟ್ಟರೂ ಅದು ಸರಿಯಾದ ಲೆಕ್ಕವಾಗದು. ಇದು ಆ ಉತ್ತರದ ತಾತ್ಪರ್ಯ. ಮದರಾಸು ಪ್ರಾಂತದ ಒಟ್ಟು ಲೆಕ್ಕ 1826ರಲ್ಲಿ ತಯಾರಾದಾಗ 12,498 ಶಾಲೆಗಳು, 1,88,000ಕ್ಕೂ ಮಿಕ್ಕಿದ ಮಕ್ಕಳು ಎಂದು ಬಂತು. ಅದರಲ್ಲಿ ಹೆಣ್ಣುಮಕ್ಕಳು ಸುಮಾರು 4,500 ಮಾತ್ರ. ಕಾರವಾರದಿಂದ ಕಾಸರಗೋಡಿನವರೆಗೆ ಹಬ್ಬಿದ್ದ ಆಗಿನ ಕೆನರಾದ ಲೆಕ್ಕ ಅದರಲ್ಲಿ ಸೇರಲೇ ಇಲ್ಲ. ಧರಂಪಾಲರು 1983ರಲ್ಲಿ ಈ ಹಳೆಯ ಪತ್ರವ್ಯವಹಾರವನ್ನೆಲ್ಲ ಒಂದು ಪುಸ್ತಕವಾಗಿ ಹೊರತಂದ ಮೇಲೆ ನಮ್ಮಂಥವರಿಗೂ ಇದು ಓದಲು ಸಿಕ್ಕಿತು.

ಚರಿತ್ರೆಯ ಪಾಠ ಮಾಡುವ ನನಗೆ ಈ ಉತ್ತರ ಓದಿದಾಗ ಮೊದಲು ನಗು ಬಂತು, ಆಮೇಲೆ ಯೋಚನೆ ಹತ್ತಿತು. ಎರಡು ನೂರು ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಇದ್ದದ್ದು ಟ್ಯೂಷನ್ ಮಾತ್ರ, ಶಾಲೆ ಆಮೇಲೆ ಬಂದದ್ದು!

ಹೀಗಿರಲು ಕಾರಣವೂ ಇತ್ತೆನ್ನಿ. ಘಟ್ಟದ ಮೇಲಿನ ಊರುಗಳಂತೆ ನಮ್ಮಲ್ಲಿ ಮನೆಗೆ ಮನೆ ತಾಗಿಕೊಂಡಿರುವುದಿಲ್ಲ. ಗದ್ದೆಯ ಬದಿಗೊಂದು, ತೋಟದ ನಡುವೆ ಒಂದು, ಗುಡ್ಡದ ಆಚೆಗೊಂದು ಮನೆ. ಮಳೆಗಾಲದ ನಾಲ್ಕು ತಿಂಗಳು ತೋಡು ದಾಟಲಾಗದು. ಇಂಥಲ್ಲಿ ಹತ್ತು ಮಕ್ಕಳನ್ನು ಒಂದು ಕಡೆ ಸೇರಿಸುವುದಕ್ಕಿಂತ ಒಬ್ಬ ಐಗಳನ್ನು ಮನೆಗೆ ಕರೆಸಿಕೊಳ್ಳುವುದೇ ಸುಲಭ. ಐಗಳು ಬರುತ್ತಿದ್ದರು. ಜಗಲಿಯಲ್ಲಿ ಹೊಯಿಗೆ ಹರಡಿ ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಹೊಯಿಗೆಯ ಬರಹ ಕೈಗೆ ಕೂತ ಮೇಲೆ ಓಲೆ, ಕಂಠ. ಆಮೇಲೆ ಮಗ್ಗಿ, ಲೆಕ್ಕ, ಪತ್ರ ಬರೆಯುವ ಕ್ರಮ. ಮನೆಯಲ್ಲಿ ತುಳುವೋ ಕೊಂಕಣಿಯೋ ಆಡುವ ಮಕ್ಕಳಿಗೆ ಕನ್ನಡವೆಂಬುದು ಐಗಳ ಬಾಯಿಂದ ಬಂದ ಭಾಷೆ. ಬ್ಯಾರಿಗಳ ಮಕ್ಕಳು ಮಸೀದಿಯಲ್ಲಿ ಕುರಾನ್ ಓದಲು ಕಲಿಯುತ್ತಿದ್ದರು. ಐಗಳಿಗೆ ಕೊಡುತ್ತಿದ್ದುದು ಅಕ್ಕಿ, ತೆಂಗಿನಕಾಯಿ, ಹಬ್ಬಕ್ಕೊಂದು ವಸ್ತ್ರ. ಊಟ ಅದೇ ಮನೆಯಲ್ಲಿ. ಮನೆಯ ಯಜಮಾನರ ಎದುರು ಐಗಳು ಕೂರುವ ಜಾಗ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಮಕ್ಕಳು ಕಾಲು ಮುಟ್ಟುವ ಗುರು ಅವರು, ದೊಡ್ಡವರ ಕಣ್ಣಿಗೆ ಮಾತ್ರ ಮನೆಯ ಆಳುಕಾಳುಗಳಿಗಿಂತ ಒಂದು ಮೆಟ್ಟಲು ಮೇಲಿದ್ದ ಬಡವ. ಹಳೆಯ ಗ್ರೀಸಿನಲ್ಲಿ ಸಿರಿವಂತರ ಹುಡುಗರನ್ನು ಪಾಠಕ್ಕೆ ಕರೆದುಕೊಂಡು ಹೋಗಿ ಅವರ ಮೇಲೆ ಕಣ್ಣಿಡುತ್ತಿದ್ದವನು ಗುಲಾಮನಾಗಿದ್ದನಂತೆ. ನಾವು ಬಿ.ಎಡ್.ನಲ್ಲಿ ಓದಿದ ಬೋಧನಶಾಸ್ತ್ರದ ಇಂಗ್ಲಿಷ್ ಹೆಸರು ಹುಟ್ಟಿದ್ದೇ ಆ ಗುಲಾಮನ ಹೆಸರಿನಿಂದ.

ನನ್ನ ಅಜ್ಜಿ ಅಕ್ಷರ ಕಲಿತದ್ದು ಐಗಳಿಂದ, ಆದರೆ ಐಗಳು ಅವರಿಗೆ ಕಲಿಸಿದ್ದಲ್ಲ. ಅಣ್ಣಂದಿರಿಗೆ ಪಾಠವಾಗುವಾಗ ಅವರು ಒಳಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದರಂತೆ. ಐಗಳು ಊಟಕ್ಕೆ ಎದ್ದಾಗ ಹೊಯಿಗೆಯ ಮೇಲೆ ಉಳಿದಿದ್ದ ಅಕ್ಷರಗಳ ಮೇಲೆ ತನ್ನ ಬೆರಳಾಡಿಸುತ್ತಿದ್ದರು. ಕೊನೆಯವರೆಗೂ ಅವರು ಪತ್ರಿಕೆಯನ್ನು ಜೋರಾಗಿ ಓದುತ್ತಿದ್ದರೇ ಹೊರತು ಕಾಗದದ ಮೇಲೆ ಬರೆಯುವುದೆಂದರೆ ಹಿಂಜರಿಕೆ. ಕೈಗೆ ಲೇಖನಿ ಕೊಟ್ಟವರು ಯಾರೂ ಇರಲಿಲ್ಲವಲ್ಲ.

ಐಗಳ ಬದುಕಿನಲ್ಲಿ ಮೊದಲ ಬದಲಾವಣೆ ತಂದವರು ಇಂಗ್ಲಿಷರು. 1812ರಲ್ಲಿ ಮದರಾಸಿನ ಸೈಂಟ್ ಜಾರ್ಜ್ ಕೋಟೆಯಲ್ಲಿ ಕಂಪೆನಿಯವರು ಒಂದು ಕಾಲೇಜು ತೆರೆದರು. ವಿಲಾಯತಿಯಿಂದ ಬಂದ ಎಳೆಯ ಅಧಿಕಾರಿಗಳು ಅಲ್ಲಿ ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳನ್ನು ಕಲಿತು ಪರೀಕ್ಷೆ ಕೊಡಬೇಕಿತ್ತು. ಪಾಸಾಗದೆ ಮುಂದಿನ ಕೆಲಸವಿಲ್ಲ. ಆದ್ದರಿಂದ ಕಲಿಸುವ ಮುನ್ಷಿಗಳಿಗೆ ಬೇಡಿಕೆ ಬಂತು. ಅಕ್ಕಿ ಕಾಯಿಯ ಬದಲು ತಿಂಗಳಿಗೆ ಇಷ್ಟು ರೂಪಾಯಿ ಎಂದಾಯಿತು. ಪರೀಕ್ಷೆ ಪಾಸು ಮಾಡಿಸುವುದಕ್ಕೆಂದೇ ಹಣ ಪಡೆದು ಪಾಠ ಹೇಳುವ ಈ ಕೋಚಿಂಗ್ ನಮ್ಮ ನೆಲದಲ್ಲಿ ಹೀಗೆ ಬಿಳಿಯರಿಗಾಗಿ ಶುರುವಾಯಿತೆಂದು ನನ್ನ ಎಣಿಕೆ. ಕನ್ನಡ ಕಲಿಯಲು ಟ್ಯೂಷನ್ ಹೋಗುತ್ತಿದ್ದವರು ಆಗ ಕಲೆಕ್ಟರಾಗುವವರು! ಈಗ ನಮ್ಮ ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅದೇ ಬೇಕಾಗಿದೆ ಎನ್ನುವುದು ಬೇರೆ ಮಾತು.

1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನಿನ ಮೂವರು ಪಾದ್ರಿಗಳು ಮಂಗಳೂರಿನ ಬಂದರಿನಲ್ಲಿ ಇಳಿದರು. ಅವರೂ ಮೊದಲು ಮಾಡಿದ ಕೆಲಸ ಕನ್ನಡ ಕಲಿಸುವವರನ್ನು ಹುಡುಕಿದ್ದು. ಆಮೇಲೆ ಅವರು ಶಾಲೆ ತೆರೆದರು. 1838ರ ಹೊತ್ತಿಗೆ ಪೇಟೆಯಲ್ಲಿ ಅವರ ಇಂಗ್ಲಿಷ್ ಶಾಲೆ ನಡೆಯುತ್ತಿತ್ತು. ಕಚೇರಿಯ ಕೆಲಸಕ್ಕೆ ಇಂಗ್ಲಿಷ್ ಬೇಕೆಂದು ಕಂಡುಕೊಂಡಿದ್ದ ಸಾರಸ್ವತರು ಮಕ್ಕಳನ್ನು ಕಳುಹಿಸಿದರು. ಕೊಡುವವರ ಮನಸ್ಸಿನಲ್ಲಿ ಒಂದು, ತೆಗೆದುಕೊಳ್ಳುವವರ ಮನಸ್ಸಿನಲ್ಲಿ ಇನ್ನೊಂದು. ಪಾದ್ರಿಗಳಿಗೆ ವಿದ್ಯೆ ಎಂದರೆ ಬೈಬಲ್ ಓದಿ ಆತ್ಮ ತಿದ್ದಿಕೊಳ್ಳುವುದು, ತಂದೆತಾಯಿಗಳಿಗೆ ವಿದ್ಯೆ ಎಂದರೆ ಕಚೇರಿಯ ಕುರ್ಚಿ. ಈ ಎರಡೂ ಕೆಲವು ವರ್ಷ ಒಂದೇ ಬೆಂಚಿನ ಮೇಲೆ ಹೇಗೋ ಕುಳಿತಿದ್ದವು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣರ ಹುಡುಗ ದೀಕ್ಷಾಸ್ನಾನ ಪಡೆದಾಗ ಪೇಟೆಯಲ್ಲಿ ದೊಡ್ಡ ಗಲಾಟೆಯೇ ಆಯಿತು. ಜನ ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾಗಿ ಮರಳಿ ಬಂದರು. ಅಂದಿನ ತಾಯಂದಿರಿಗೆ ಶಾಲೆ ಎಂದರೆ ಮಗನನ್ನು ನುಂಗುವ ಜಾಗವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಜಗಲಿಯ ಐಗಳಾದರೆ ಕಣ್ಣೆದುರಿಗೇ ಇರುತ್ತಿದ್ದರು.

ಆದರೂ ಶಾಲೆ ನಿಂತಿತು. 1868ರ ಸುಮಾರಿಗೆ ಸರಕಾರದ ಪ್ರಾವಿನ್ಶಿಯಲ್ ಶಾಲೆ ಬಂತು, ಮುಂದೆ ಅದೇ ಗವರ್ನಮೆಂಟ್ ಕಾಲೇಜು ಆಯಿತು. 1870ರಲ್ಲಿ ಕಾರ್ಮೆಲ್ ಸಭೆಯ ಸಿಸ್ಟರುಗಳು ಬಂದು ಸೈಂಟ್ ಆನ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಶುರು ಮಾಡಿದರು. 1880ರಲ್ಲಿ ಸೈಂಟ್ ಅಲೋಶಿಯಸ್. 1891ರಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ತೆರೆದರು. ಮೂರೇ ವರ್ಷಗಳಲ್ಲಿ, 1894ರಲ್ಲಿ, ಹುಡುಗಿಯರಿಗೂ ಒಂದು ಶಾಲೆ ಮಾಡಿದರು. ಕೆನರಾ ಬ್ಯಾಂಕು ಹುಟ್ಟಿದ್ದು ಆಮೇಲೆ, 1906ರಲ್ಲಿ. ಜನ ಅವರನ್ನು ಬ್ಯಾಂಕಿನವರೆಂದು ನೆನೆಯುತ್ತಾರೆ. ನನಗೆ ಅವರು ಶಾಲೆಯವರು. 1921ರಲ್ಲಿ ಸೈಂಟ್ ಆಗ್ನೆಸ್ ಕಾಲೇಜು ಬಂದ ಮೇಲೆ ಹೆಣ್ಣುಮಕ್ಕಳು ಕಾಲೇಜು ಓದಲು ಮದರಾಸಿಗೇ ಹೋಗಬೇಕೆಂದಿಲ್ಲವಾಯಿತು.

ಜಗಲಿಯ ಮೇಲೆ ಯಾರ ಮಕ್ಕಳು ಕೂರಬಹುದಿತ್ತೆಂಬುದನ್ನು ಕಲೆಕ್ಟರರ ಉತ್ತರ ಹೇಳುತ್ತದೆ: ಆ ಮನೆಯವರು, ನೆಂಟರು, ನೆರೆಕರೆಯವರು. ಅಂಗಳದ ಆಚೆಯೇ ನಿಲ್ಲಬೇಕಾಗಿದ್ದವರ ಮಕ್ಕಳಿಗೆ ಐಗಳು ಯಾವ ಕಾಲಕ್ಕೂ ಸಿಗುತ್ತಿರಲಿಲ್ಲ. ಇದನ್ನು ಬದಲಿಸಲು ಹೊರಟವರು ಕುದ್ಮುಲ್ ರಂಗರಾಯರು. 1892ರಲ್ಲಿ ಅವರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಸ್ವಂತ ಜಾತಿಯವರೇ ಅವರನ್ನು ದೂರವಿಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿ ಆ ಕೆಲಸ ಮುಂದುವರಿಸಿದರು. ಅವರ ಮಗಳು ರಾಧಾಬಾಯಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಓದಿದರು, ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್ಸಿಗೆ ಮೊದಲ ಮಹಿಳಾ ಸದಸ್ಯೆಯಾದರು. ಶಾಲೆ ಎಂಬ ವಸ್ತುವಿನ ಬೆಲೆ ನನಗೆ ತಿಳಿಯುವುದು ಇಂಥಲ್ಲಿ. ಫೀಸು ಕೊಡಲಾರದವರ ಮಗುವೂ ಬಾಗಿಲ ಸಂದಿಯ ಹುಡುಗಿಯೂ ಬೆಂಚಿನ ಮೇಲೆ ಬಂದು ಕುಳಿತರು.

ಇದೇ ಹೊತ್ತಿನಲ್ಲಿ ಅರಮನೆಗಳಲ್ಲಿ ಬೇರೊಂದು ಬಗೆಯ ಮನೆಪಾಠ ನಡೆಯುತ್ತಿತ್ತು. ಮೈಸೂರಿನ ಚಾಮರಾಜ ಒಡೆಯರು 1894ರಲ್ಲಿ ಕಲಕತ್ತೆಯಲ್ಲಿ ತೀರಿಕೊಂಡಾಗ ಮಗ ಕೃಷ್ಣರಾಜ ಒಡೆಯರಿಗೆ ಹತ್ತು ವರ್ಷ. ರಾಜಮಾತೆ ರಾಜ್ಯ ನೋಡಿಕೊಂಡರು, ಹುಡುಗನ ಪಾಠಕ್ಕೆ 1896ರಲ್ಲಿ ಸ್ಟುವರ್ಟ್ ಫ್ರೇಸರ್ ಎಂಬ ಐ.ಸಿ.ಎಸ್. ಅಧಿಕಾರಿ ಬಂದರು. ಮುಂದೆ ಅದೇ ಫ್ರೇಸರ್ ಮೈಸೂರಿಗೆ ರೆಸಿಡೆಂಟರಾಗಿಯೂ ಬಂದರು. ಇನ್ನು ಲೋಕದಲ್ಲಿ ಹೆಚ್ಚು ಹೆಸರಾದ ಮನೆಪಾಠದ ಟೀಚರ್ ಎಂದರೆ ಆನಾ ಲಿಯೊನೊವೆನ್ಸ್ ಇರಬೇಕು. 1862ರಿಂದ 1867ರವರೆಗೆ ಸಯಾಮಿನ, ಎಂದರೆ ಇಂದಿನ ಥಾಯ್ಲೆಂಡಿನ, ದೊರೆ ಮೊಂಗ್‌ಕುಟ್ ಅವರ ರಾಣಿಯರಿಗೂ ಮಕ್ಕಳಿಗೂ ಇಂಗ್ಲಿಷ್ ಕಲಿಸಿದವಳು. ಅವಳ ಕಥೆ ನಾಟಕವಾಯಿತು, ಸಿನಿಮಾ ಆಯಿತು. ತಾನು ವೇಲ್ಸ್ ದೇಶದವಳೆಂದು ಹೇಳಿಕೊಂಡಿದ್ದಳು, ನಿಜವಾಗಿ ಹುಟ್ಟಿದ್ದು ನಮ್ಮ ಅಹಮದ್‌ನಗರದಲ್ಲಿ ಎಂದು ಆಮೇಲೆ ಪತ್ತೆಯಾಯಿತು. ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಸಾಕಬೇಕಾದವಳು ಹೇಳಿದ ಸುಳ್ಳು ಅದು. ಸಿನಿಮಾದವರು ಅನಾಗರಿಕ ದೊರೆಯನ್ನು ಬಿಳಿಯ ಟೀಚರ್ ತಿದ್ದಿದಳೆಂದು ತೋರಿಸಿದರು. ಥಾಯ್ ಜನರಿಗೆ ಇದು ಸಹಿಸದು. ದೊರೆಯಾಗುವ ಮುಂಚೆ ಇಪ್ಪತ್ತೇಳು ವರ್ಷ ಬೌದ್ಧ ಭಿಕ್ಷುವಾಗಿದ್ದು ಪಾಲಿಯನ್ನೂ ಖಗೋಳವನ್ನೂ ಅಭ್ಯಾಸ ಮಾಡಿದ್ದ ವಿದ್ವಾಂಸ ನಮ್ಮ ದೊರೆ, ಅವರಿಗೆ ಬೇಕಾಗಿದ್ದುದು ಇಂಗ್ಲಿಷ್ ಹೇಳಿಕೊಡುವ ಒಬ್ಬ ಹೆಂಗಸು ಅಷ್ಟೇ ಎನ್ನುತ್ತಾರೆ. ಸಿನಿಮಾವನ್ನು ಅಲ್ಲಿ ನಿಷೇಧಿಸಿದ್ದಾರೆ.

ಐಗಳಿಗೆ ಹೆಸರಿರಲಿಲ್ಲ. ಫ್ರೇಸರಿಗೂ ಆನಾಳಿಗೂ ಹೆಸರು ಬಂದದ್ದು ಶಿಷ್ಯರಿಂದ. ಕಲಿಸುವವನ ಮುಖವೇ ಊರಿಗೆಲ್ಲ ಕಾಣುವಂತಾದದ್ದು ನಾವು ಕಣ್ಣಾರೆ ಕಂಡ ಸಂಗತಿ.

ನಾವು ಓದುವ ಕಾಲದಲ್ಲಿ ಟ್ಯೂಷನಿಗೆ ಹೋಗುವುದೆಂದರೆ ನಾಚಿಕೆ. ಲೆಕ್ಕದಲ್ಲಿ ಹಿಂದೆ ಬಿದ್ದವರನ್ನು ಸಂಜೆ ಮಾಸ್ತರರ ಮನೆಗೆ ಕಳುಹಿಸುತ್ತಿದ್ದರು, ಹೋದವರು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಇದು ತಿರುಗಿಬಿದ್ದು ತರಗತಿಗೆ ಮೊದಲಿಗರಾದವರೇ ಟ್ಯೂಷನಿಗೆ ಓಡುವಂತಾದದ್ದು ಹೇಗೆ? ನಮ್ಮ ಕರಾವಳಿಗೆ ಇದರಲ್ಲಿ ದೊಡ್ಡ ಪಾಲಿದೆ. 1953ರಲ್ಲಿ ಟಿ.ಎಂ.ಎ. ಪೈಗಳು ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ತೆರೆದರು. ಸರಕಾರದ ಕೈಯಿಂದಲೇ ಆಗಬೇಕೆಂದಿದ್ದ ಕೆಲಸ ಊರವರಿಂದಲೂ ಆದೀತೆಂದು ತೋರಿಸಿದ ಸಾಹಸ ಅದು. ಮುಂದೆ ರಾಜ್ಯದಲ್ಲೆಲ್ಲ ಖಾಸಗಿ ಕಾಲೇಜುಗಳು ಎದ್ದವು, ಅವುಗಳ ಜೊತೆಗೆ ಕ್ಯಾಪಿಟೇಶನ್ ಎಂಬ ಪದವೂ ಮನೆಮಾತಾಯಿತು. 1992ರಲ್ಲಿ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಕರ್ನಾಟಕ ಸರಕಾರದ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಶುಲ್ಕ ಸಲ್ಲದೆಂದಿತು. 1993ರ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಅಂಕದ ಮೇಲೆ ಹಂಚಬೇಕೆಂದಿತು. 1994ರಲ್ಲಿ ನಮ್ಮ ರಾಜ್ಯದ ಸಿ.ಇ.ಟಿ. ಬಂತು. ಬಡವರ ಮಗನೂ ಡಾಕ್ಟರಾಗುವ ದಾರಿ ಎಂದು ನಾವು ಟೀಚರುಗಳು ಸಂತೋಷಪಟ್ಟೆವು, ಅದು ಸುಳ್ಳೂ ಆಗಲಿಲ್ಲ. ನನಗೆ ಗೊತ್ತಿದ್ದ ಬೀಡಿ ಕಟ್ಟುವ ತಾಯಿಯ ಮಗನೊಬ್ಬ ಹಾಗೆಯೇ ಇಂಜಿನಿಯರಾದ. ಆದರೆ ಒಂದೆರಡು ದಿನದ ಪರೀಕ್ಷೆ, ನಿಮಿಷಕ್ಕೊಂದು ಪ್ರಶ್ನೆ ಎಂದಾಗ ಅದರ ಒಳದಾರಿ ಹೇಳಿಕೊಡುವವರಿಗೆ ಬೆಲೆ ಬಂತು. ಕಂಪೆನಿಯ ಕಾಲದ ಮುನ್ಷಿಗೆ ಬಂದ ಹಾಗೆಯೇ.

ರಾಜಸ್ಥಾನದ ಕೋಟಾದಲ್ಲಿ ವಿ.ಕೆ. ಬನ್ಸಲ್ ಎಂಬ ಇಂಜಿನಿಯರಿದ್ದರು. ಸ್ನಾಯು ಕ್ಷಯಿಸುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದವರು. ಮನೆಯ ಊಟದ ಮೇಜಿನ ಸುತ್ತ ನೆರೆಯ ಮಕ್ಕಳನ್ನು ಕೂರಿಸಿ ಲೆಕ್ಕ ಹೇಳಿಕೊಡಲು ತೊಡಗಿದರು. ಆ ಮಕ್ಕಳು ಐ.ಐ.ಟಿ. ಸೇರಿದರು. ಊರಿನ ಜೆ.ಕೆ. ಸಿಂಥೆಟಿಕ್ಸ್ ಕಾರ್ಖಾನೆ 1997ರಲ್ಲಿ ಮುಚ್ಚಿತು, ಆದರೆ ಊರು ಮುಳುಗಲಿಲ್ಲ, ಕೋಚಿಂಗಿನ ಮೇಲೆ ಎದ್ದು ನಿಂತಿತು. ಬನ್ಸಲ್ 2021ರಲ್ಲಿ ತೀರಿಕೊಂಡರು. ಊಟದ ಮೇಜಿನಿಂದ ಹುಟ್ಟಿದ ಊರಿನಲ್ಲಿ ಮಕ್ಕಳು ಫ್ಯಾನಿಗೆ ನೇಣು ಹಾಕಿಕೊಂಡ ಸುದ್ದಿಗಳನ್ನೂ ಆಮೇಲೆ ನಾವು ಪತ್ರಿಕೆಗಳಲ್ಲಿ ಓದಬೇಕಾಯಿತು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೈಜು ರವೀಂದ್ರನ್. ನಮ್ಮ ರೈಲಿನಲ್ಲೇ ಕೆಲವು ಗಂಟೆ ತೆಂಕಕ್ಕೆ ಹೋದರೆ ಸಿಗುವ ಕಣ್ಣೂರಿನ ಕಡೆಯವರು. ತಂದೆ ತಾಯಿ ಇಬ್ಬರೂ ಶಾಲೆಯ ಶಿಕ್ಷಕರು. ಪರೀಕ್ಷೆಗೆ ಪಾಠ ಹೇಳುತ್ತ ಹೇಳುತ್ತ ಕ್ಲಾಸುರೂಮು ಸಾಲದೆ ಕ್ರೀಡಾಂಗಣಗಳಲ್ಲಿ ಪಾಠ ಮಾಡಿದರು. 2011ರಲ್ಲಿ ಬೆಂಗಳೂರಿನಲ್ಲಿ ಕಂಪೆನಿ, 2015ರಲ್ಲಿ ಮೊಬೈಲಿನ ಆ್ಯಪು. 2019ರಿಂದ 2023ರವರೆಗೆ ಭಾರತದ ಕ್ರಿಕೆಟ್ ಆಟಗಾರರ ಎದೆಯ ಮೇಲೆ ಅವರ ಹೆಸರಿತ್ತು. ಒಬ್ಬ ಟ್ಯೂಷನ್ ಮಾಸ್ತರರ ಹೆಸರು! 2024ರ ಜುಲೈಯಲ್ಲಿ ಬೆಂಗಳೂರಿನ ಕಂಪೆನಿ ನ್ಯಾಯಮಂಡಳಿ ಆ ಕಂಪೆನಿಯನ್ನು ದಿವಾಳಿ ಪ್ರಕ್ರಿಯೆಗೆ ಒಪ್ಪಿಸಿತು. ಶಾಲೆಯ ಇಬ್ಬರು ಟೀಚರುಗಳ ಮಗ ಶಾಲೆಯಿಂದಾಚೆ ಕಟ್ಟಿದ ಇಷ್ಟು ದೊಡ್ಡದು ಅಷ್ಟೇ ಬೇಗ ಕುಸಿದದ್ದನ್ನು ಓದುವಾಗ ನನಗೆ ಆ ತಂದೆತಾಯಿಯರದೇ ಯೋಚನೆ.

ಈ ವಿಷಯದಲ್ಲಿ ನಮಗಿಂತ ಎಷ್ಟೋ ಮುಂದಿರುವವರು ಪೂರ್ವದೇಶಗಳವರು. ಹಾಂಗ್‌ಕಾಂಗಿನಲ್ಲಿ ಟ್ಯೂಷನ್ ಮಾಸ್ತರುಗಳಿಗೆ ‘ರಾಜ’, ‘ರಾಣಿ’ ಎಂದೇ ಕರೆಯುತ್ತಾರೆ. ಸಿನಿಮಾ ನಟರ ಹಾಗೆ ಕೂದಲು ಬಾಚಿಕೊಂಡ ಅವರ ಚಿತ್ರಗಳು ಬಸ್ಸುಗಳ ಮೈಮೇಲೆ ಓಡಾಡುತ್ತವೆ. 2015ರಲ್ಲಿ ಒಂದು ಸಂಸ್ಥೆ ಲಾಮ್ ಯಾಟ್-ಯಾನ್ ಎಂಬ ಮಾಸ್ತರರನ್ನು ಎದುರಾಳಿ ಸಂಸ್ಥೆಯಿಂದ ಸೆಳೆಯಲು ಪತ್ರಿಕೆಯ ಮುಖಪುಟದಲ್ಲೇ ಜಾಹೀರಾತು ಕೊಟ್ಟಿತು. ವರ್ಷಕ್ಕೆ 8.5 ಕೋಟಿ ಹಾಂಗ್‌ಕಾಂಗ್ ಡಾಲರು ಕೊಡುತ್ತೇವೆ ಎಂದು. ಆಗಿನ ನಮ್ಮ ಹಣದಲ್ಲಿ ಸುಮಾರು 70 ಕೋಟಿ ರೂಪಾಯಿ. ಅವರು ಹೋಗಲಿಲ್ಲ. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಹಣವಲ್ಲ, ಅವರು ಕಲಿಸುತ್ತಿದ್ದ ವಿಷಯ. ಚೀನೀ ಭಾಷೆ. ಅಂದರೆ ಮಕ್ಕಳ ಮಾತೃಭಾಷೆ! ಕನ್ನಡ ಪಂಡಿತರೊಬ್ಬರ ಚಿತ್ರ ಸಿಟಿ ಬಸ್ಸಿನ ಮೇಲೆ ಸ್ಟೇಟ್‌ಬ್ಯಾಂಕಿನಿಂದ ಬಿಕರ್ನಕಟ್ಟೆಯವರೆಗೆ ಬರುವುದನ್ನು ಊಹಿಸಿಕೊಂಡು ನಾನು ಸ್ಟಾಫ್ ರೂಮಿನಲ್ಲಿ ಹೇಳಿದರೆ ಎಲ್ಲರೂ ನಕ್ಕರು. ಹೆಚ್ಚು ನಕ್ಕವರು ಕನ್ನಡ ಪಂಡಿತರೇ.

ದಕ್ಷಿಣ ಕೊರಿಯಾದವರು ಇದನ್ನು ನಿಲ್ಲಿಸಲು ನೋಡಿದರು. 1980ರಲ್ಲಿ ಅಲ್ಲಿಯ ಸೈನಿಕ ಸರಕಾರ ಖಾಸಗಿ ಟ್ಯೂಷನನ್ನೇ ನಿಷೇಧಿಸಿತು. ಜನ ಕದ್ದು ಕಲಿಸಿದರು, ಅಪಾಯ ಹೆಚ್ಚಿದ್ದಕ್ಕೆ ಫೀಸೂ ಹೆಚ್ಚಿತು. 2000ದ ಏಪ್ರಿಲಿನಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಆ ನಿಷೇಧ ತಪ್ಪೆಂದು ತೀರ್ಪು ಕೊಟ್ಟಿತು. ಮಕ್ಕಳಿಗೆ ಕಲಿಸುವುದು ತಂದೆತಾಯಿಯ ಹಕ್ಕು ಎಂದಿತು. ಈಗ ಸಿಯೋಲಿನಲ್ಲಿ ರಾತ್ರಿ ಹತ್ತರ ಮೇಲೆ ಟ್ಯೂಷನ್ ಕೇಂದ್ರ ತೆರೆದಿರಬಾರದೆಂಬ ನಿಯಮ ಮಾತ್ರ ಉಂಟು. ಕಾಲೇಜು ಪ್ರವೇಶದ ಪರೀಕ್ಷೆಯ ದಿನ, ಇಂಗ್ಲಿಷ್ ಕೇಳಿಸಿಕೊಂಡು ಬರೆಯುವ ಹೊತ್ತಿನಲ್ಲಿ ಸದ್ದಾಗಬಾರದೆಂದು ವಿಮಾನಗಳನ್ನೇ ತಡೆಯುತ್ತಾರೆ. ಚೀನಾದಲ್ಲಿ 2021ರ ಜುಲೈಯಲ್ಲಿ ಸರಕಾರ ಒಂದು ಏಟಿಗೆ, ಒಂಬತ್ತನೆಯ ತರಗತಿಯವರೆಗಿನ ಶಾಲಾ ವಿಷಯಗಳ ಟ್ಯೂಷನಿನಿಂದ ಲಾಭ ಮಾಡಕೂಡದೆಂದಿತು. ಅಲ್ಲಿಯ ದೊಡ್ಡದೊಂದು ಕಂಪೆನಿ ತನ್ನ ಸಾವಿರಾರು ಡೆಸ್ಕು ಕುರ್ಚಿಗಳನ್ನು ಹಳ್ಳಿಶಾಲೆಗಳಿಗೆ ದಾನ ಕೊಟ್ಟಿತು. ಅದರ ಇಂಗ್ಲಿಷ್ ಮಾಸ್ತರರಲ್ಲಿ ಒಬ್ಬರಾದ ಡಾಂಗ್ ಯುಹುಯಿ 2022ರಲ್ಲಿ ಫೋನಿನ ಪರದೆಯ ಮೇಲೆ ಅಕ್ಕಿ, ಮೆಕ್ಕೆಜೋಳ ಮಾರಲು ನಿಂತು, ನಡುನಡುವೆ ಬಿಳಿಹಲಗೆಯ ಮೇಲೆ ಇಂಗ್ಲಿಷ್ ಪದ ಬರೆದು ವಿವರಿಸಿ ದೇಶಕ್ಕೇ ಪ್ರಿಯರಾದರು. ಮಾಸ್ತರಿಕೆ ಕೈಬಿಡಲಿಲ್ಲ ಪಾಪ.

ಇವರಿಗೆಲ್ಲ ಇಷ್ಟು ಹಸಿವು ಏಕೆಂದರೆ, ಚೀನಾದಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ರಾಜನ ಅಧಿಕಾರಿಗಳನ್ನು ಪರೀಕ್ಷೆ ಮಾಡಿಯೇ ಆರಿಸುತ್ತಿದ್ದರು. 1905ರವರೆಗೂ ಆ ಪರೀಕ್ಷೆ ಇತ್ತು. ಬಡ ರೈತನ ಮಗನೂ ಓದಿ ಮೇಲೇರಬಹುದು, ಏರದಿದ್ದರೆ ಅವನು ಸಾಕಷ್ಟು ಓದಲಿಲ್ಲ ಎಂದೇ ಅರ್ಥ. ಈ ನಂಬಿಕೆ ಅವರ ರಕ್ತದಲ್ಲಿ ಉಂಟು. ನಮ್ಮಲ್ಲಿ ಹಿಂದೆ ಹುಟ್ಟೇ ಎಲ್ಲವನ್ನೂ ತೀರ್ಮಾನಿಸುತ್ತಿತ್ತು, ಓದಿದರೆ ಮೇಲೇರಬಹುದೆಂಬುದು ನಮಗೆ ಈಚಿನ ಆಸೆ. ಬಹುಶಃ ಅದಕ್ಕೇ ಇಷ್ಟು ಅವಸರ.

ತಾಯಂದಿರ ವಿಷಯದಲ್ಲಿ ಮಾತ್ರ ದೇಶ ದೇಶಕ್ಕೆ ವ್ಯತ್ಯಾಸ ಕಾಣಲಿಲ್ಲ. ಚೀನಾದ ತತ್ವಜ್ಞಾನಿ ಮೆನ್ಸಿಯಸನ ತಾಯಿ ಮಗನ ಓದಿಗಾಗಿ ಮೂರು ಸಲ ಮನೆ ಬದಲಿಸಿದಳಂತೆ. ಸ್ಮಶಾನದ ಬಳಿಯಿದ್ದಾಗ ಅವನು ಅಳುವ ಆಟ ಆಡಿದ, ಸಂತೆಯ ಬಳಿಯಿದ್ದಾಗ ವ್ಯಾಪಾರದ ಆಟ, ಕೊನೆಗೆ ಶಾಲೆಯ ಪಕ್ಕ ಹೋದಮೇಲೆ ಓದಿನ ಆಟ. ಎರಡು ಸಾವಿರ ವರ್ಷಗಳಿಂದ ಅವರು ಹೇಳುತ್ತ ಬಂದ ಕಥೆ. ಕೊರಿಯಾದಲ್ಲಿ ಮಕ್ಕಳ ಶಾಲೆಗೆ ಓಡಾಡುವ ತಾಯಂದಿರ ಭರಾಟೆಗೆ ‘ಲಂಗದ ಗಾಳಿ’ ಎನ್ನುತ್ತಾರೆ. ಜಪಾನಿನಲ್ಲಿ ಅಂಥವರು ‘ಶಿಕ್ಷಣದ ಅಮ್ಮ’. ನಮ್ಮ ಬಿಕರ್ನಕಟ್ಟೆ, ಕುಲಶೇಖರ, ನಂತೂರಿನ ಕಡೆ ಎರಡು ವರ್ಷದ ಮಟ್ಟಿಗೆ ಬಾಡಿಗೆಮನೆ ಹಿಡಿಯುವ ಹೆಂಗಸರನ್ನು ನೋಡಿದ್ದೇನೆ. ಗಂಡ ಹುಬ್ಬಳ್ಳಿಯಲ್ಲೋ ರಾಯಚೂರಿನಲ್ಲೋ, ಇವರು ಇಲ್ಲಿ ಮಗನಿಗೆ ರೊಟ್ಟಿ ಬಡಿಯುತ್ತ. ಪಿ.ಯು.ಸಿ. ಮುಗಿದ ಕೂಡಲೇ ಪಾತ್ರೆಪಗಡ ಕಟ್ಟಿಕೊಂಡು ಹೊರಡುತ್ತಾರೆ. ಎಸ್ಸೆಸ್ಸೆಲ್ಸಿಯಾದ ಮಕ್ಕಳನ್ನು ರಾಜ್ಯದ ಮೂಲೆಮೂಲೆಗಳಿಂದ ಮಂಗಳೂರಿಗೂ ಮೂಡಬಿದಿರೆಗೂ ತಂದು ಬಿಡುವುದು ಈಗ ಮಾಮೂಲು. ಬಾಲಯೇಸುವಿನ ಗುಡಿಯಲ್ಲಿ ಪರೀಕ್ಷೆಯ ದಿನಗಳಲ್ಲಿ ಮೇಣದಬತ್ತಿ ಹಚ್ಚಲು ನಿಂತವರಲ್ಲಿ ಎಲ್ಲ ಮತದ ತಾಯಂದಿರೂ ಇರುತ್ತಾರೆ.

ಫಿನ್ಲೆಂಡಿನವರನ್ನು ಕೇಳಿದರೆ ಇದೆಲ್ಲ ವಿಚಿತ್ರವಾಗಿ ಕಾಣಬಹುದು. ಅಲ್ಲಿ ಮಗು ಏಳು ವರ್ಷಕ್ಕೆ ಶಾಲೆ ಸೇರುವುದು. ಇಡೀ ದೇಶಕ್ಕೆ ಒಂದಾದ ಪರೀಕ್ಷೆ ಹೈಸ್ಕೂಲಿನ ಕೊನೆಗೆ ಒಂದೇ. ಟ್ಯೂಷನ್ ತೀರಾ ಕಡಿಮೆ. ಆದರೆ ಅಲ್ಲಿ ಮೊದಲ ತರಗತಿಯ ಟೀಚರಿಗೂ ಎಂ.ಎ. ಬೇಕು, ಆ ಕೆಲಸಕ್ಕೆ ಸೇರಲು ಯುವಕರ ನಡುವೆ ಪೈಪೋಟಿ ಉಂಟು. ನಮ್ಮಲ್ಲಿ ಬೇರೆ ಕೆಲಸ ಸಿಗದವರು ಬಿ.ಎಡ್. ಮಾಡುತ್ತಾರೆಂಬ ಮಾತನ್ನು ನಾನು ಮೂವತ್ತು ವರ್ಷ ಕೇಳಿದ್ದೇನೆ.

2009ರ ಶಿಕ್ಷಣ ಹಕ್ಕಿನ ಕಾಯಿದೆಯ 28ನೇ ಕಲಮು, ಶಾಲೆಯ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳಬಾರದೆನ್ನುತ್ತದೆ. ಹದಿನಾರು ವರ್ಷದ ಕೆಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು 2024ರ ಜನವರಿಯಲ್ಲಿ ಕೇಂದ್ರ ಸರಕಾರ ಮಾರ್ಗಸೂಚಿ ಹೊರಡಿಸಿತು. ಟ್ಯೂಷನಿನವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವರಲ್ಲಿ ನಮಗಿಂತ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ಕ್ಲಾಸಿನಲ್ಲಿ ಅರ್ಧ ಪಾಠ ಮಾಡಿ ಉಳಿದರ್ಧವನ್ನು ಸಂಜೆಗೆಂದು ಇಟ್ಟುಕೊಳ್ಳುತ್ತಿದ್ದವರನ್ನೂ ನಮ್ಮ ವೃತ್ತಿಯಲ್ಲಿ ನಾನು ಬಲ್ಲೆ, ಹಾಗಾಗಿ ಶಾಲೆಯ ಕಡೆಯಿಂದ ಹೆಚ್ಚು ಜಂಭ ಪಡುವಂತಿಲ್ಲ. ನನ್ನ ಚಿಂತೆ ಬೇರೆ. ಮನೆಯವರು ದುಡ್ಡು ಕೊಟ್ಟು ಕೊಳ್ಳುವ ವಿದ್ಯೆಯನ್ನು ಯಾವ ಮಗುವಿಗೆ ಕೊಳ್ಳಬೇಕೆಂದು ಮನೆಯವರೇ ತೀರ್ಮಾನಿಸುತ್ತಾರೆ. ಜಗಲಿಯ ಕಾಲದಲ್ಲಿ ಆದದ್ದು ಅದೇ.

ಹೋದ ವರ್ಷ ಪೋಷಕರ ಸಭೆಗೆ ಒಬ್ಬ ತಾಯಿ ಬಂದಿದ್ದರು. ಮಗ ಕೋಚಿಂಗ್ ಸೇರಿದ ಪಿ.ಯು. ಕಾಲೇಜಿನಲ್ಲಿ ಮೊದಲ ವರ್ಷ, ಮಗಳು ನನ್ನ ಹತ್ತನೆಯ ತರಗತಿಯಲ್ಲಿ. ಮಗನ ಫೀಸಿಗೆ ಬಳೆ ಅಡವಿಟ್ಟಿದ್ದರು.

“ಮಗಳು ಸಾಯನ್ಸ್ ತೆಗೊಳ್ತೇನೆ ಅಂತಾಳೆ. ಅವಳನ್ನು ಎಲ್ಲಿ ಹಾಕುದು ಅಂತ ಯೋಚಿಸಿದ್ದೀರಿ?” ಎಂದೆ.

“ಸರಕಾರಿ ಕಾಲೇಜುಂಟಲ್ಲ ಟೀಚರ್. ಅವಳು ಹೇಗೂ ಓದ್ತಾಳೆ. ಇವನಿಗೇ ಹಾಕ್ಬೇಕಾದ್ದು” ಎಂದರು. ಅದರಲ್ಲಿ ಮಗಳ ಬಗ್ಗೆ ಹೆಮ್ಮೆಯೇ ಇತ್ತು, ಕಡೆಗಣಿಸುವ ದನಿ ಇರಲಿಲ್ಲ.

“ಹೇಗೂ ಓದುವವಳಿಗೆ ಅಲ್ವಾ ಮೊದಲು ಕೊಡಬೇಕಾದ್ದು?”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಇವರಲ್ಲಿ ಕೇಳ್ಬೇಕು ಟೀಚರ್” ಎಂದರು.

ಹುಡುಗಿ ಹೊರಗೆ ಜಗಲಿಯ ಮೆಟ್ಟಲಲ್ಲಿ ಕುಳಿತಿದ್ದಳು. ಮಡಿಲಲ್ಲಿ ಅಣ್ಣನ ಕೋಚಿಂಗಿನ ಪುಸ್ತಕ, ಮೇಲೆ ಅವನ ಹೆಸರು, ರೋಲ್ ನಂಬರು. ಅವನು ರಾತ್ರಿ ಮಲಗಿದ ಮೇಲೆ ಓದುವುದಂತೆ, ಬೆಳಿಗ್ಗೆ ಅವನ ಬ್ಯಾಗಿಗೆ ವಾಪಸು ಇಡಬೇಕು. ಇವತ್ತು ಅವನು ಮರೆತು ಹೋದದ್ದು ಎಂದಳು. ಲೆಕ್ಕಗಳ ಬದಿಯಲ್ಲಿ ಪೆನ್ಸಿಲಿನಿಂದ ಸಣ್ಣ ಅಕ್ಷರದಲ್ಲಿ ಉತ್ತರ ಬರೆದಿದ್ದಳು, ಉಜ್ಜಿದರೆ ಹೋಗುವಂತೆ. ಮೂರನ್ನು ನಾನು ನೋಡಿದೆ. ಲೆಕ್ಕ ನನ್ನ ವಿಷಯವಲ್ಲ, ಪುಸ್ತಕದ ಹಿಂದಿದ್ದ ಉತ್ತರಕ್ಕೆ ತಾಳೆ ಹಾಕಿದೆ. ಎರಡು ಸರಿಯಾಗಿದ್ದವು. ಮೂರನೆಯದರಲ್ಲಿ ಪುಸ್ತಕವೇ ತಪ್ಪು ಟೀಚರ್ ಎಂದಳು. ಮರುದಿನ ನಮ್ಮ ಗಣಿತದ ಮಾಸ್ತರರಿಗೆ ತೋರಿಸಿದೆವು. ಪುಸ್ತಕವೇ ತಪ್ಪಿತ್ತು.